ಕ್ಲಚ್ಚಿನ ಪೆಡಲು ಮತ್ತು ಚಾಲಕನ ಪಾದ: ಒಂದು ಚಾರಿತ್ರಿಕ ವಿವೇಚನೆ

೧. ವಿಷಯದ ವ್ಯಾಪ್ತಿ

ಮೋಟಾರು ಕಾರಿನ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಅದರ ವೇಗ, ಅಶ್ವಶಕ್ತಿ, ಬೆಲೆ, ತಯಾರಾದ ಸಂಖ್ಯೆ ಇವುಗಳನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಆ ಯಂತ್ರವನ್ನು ದಿನವೂ ನಡೆಸಿದವರ ಮೈಗೆ ಅದು ಹೇಗೆ ತೋರಿತೆಂಬ ವಿಚಾರ ಅವರ ಪುಟಗಳಲ್ಲಿ ಅಪರೂಪ. ಆದರೆ ಯಂತ್ರಯುಗದ ಮನುಷ್ಯನು ಯಂತ್ರವನ್ನು ಅರಿತುಕೊಂಡದ್ದು ಕಣ್ಣಿನಿಂದ ಮಾತ್ರವಲ್ಲ. ಕೈಯಿಂದ, ಕಿವಿಯಿಂದ, ಪಾದದಿಂದಲೂ ಅರಿತುಕೊಂಡನು. ಆ ಅರಿವಿಗೂ ಒಂದು ಚರಿತ್ರೆಯುಂಟು.

ಪ್ರಕೃತ ಲೇಖನದಲ್ಲಿ ಕ್ಲಚ್ಚಿನ ಪೆಡಲೊಂದನ್ನೇ ಎತ್ತಿಕೊಂಡು, ಅದನ್ನು ತುಳಿದಾಗ ಪಾದಕ್ಕೆ ಆಗುವ ಅನುಭವವು ಯಾವ ಕಾರಣಗಳಿಂದ ಉಂಟಾಗುತ್ತದೆ, ಅದು ಕಾಲಕ್ರಮದಲ್ಲಿ ಹೇಗೆ ಮಾರ್ಪಟ್ಟಿತು, ಕೆಟ್ಟಾಗ ಅದನ್ನು ಸರಿಪಡಿಸುವ ಕ್ರಮವೇನು ಎಂಬ ಮೂರು ಸಂಗತಿಗಳನ್ನು ವಿವೇಚಿಸಲಾಗಿದೆ. ಪೆಡಲನ್ನು ಹಗುರ ಮಾಡುವುದು ಒಂದು ಕೆಲಸ. ಅದರ ಸ್ಪರ್ಶವನ್ನು ಉತ್ತಮಗೊಳಿಸುವುದು ಇನ್ನೊಂದು. ಇವೆರಡೂ ಒಂದೇ ಎಂದು ಭಾವಿಸುವುದರಿಂದ ಕಾರಿಗೂ ಚಾಲಕನಿಗೂ ನಷ್ಟವೇ ಹೊರತು ಲಾಭವಿಲ್ಲ ಎಂಬುದು ಇಲ್ಲಿಯ ಮುಖ್ಯ ಪ್ರತಿಪಾದನೆ.

೨. ಕ್ಲಚ್ಚಿನ ಕಾರ್ಯ

ಪೆಟ್ರೋಲು ಎಂಜಿನ್ನಿಗೆ ಒಂದು ಹುಟ್ಟುಗುಣವುಂಟು. ನಿಂತ ಸ್ಥಿತಿಯಿಂದ ಅದು ಭಾರವನ್ನು ಎಳೆಯಲಾರದು. ಒಂದು ಕನಿಷ್ಠ ವೇಗದಲ್ಲಿ ತಿರುಗುತ್ತಿದ್ದರೆ ಮಾತ್ರ ಅದಕ್ಕೆ ಜೀವ. ಚಕ್ರಗಳಾದರೋ ನಿಂತಲ್ಲಿಂದ ಹೊರಡಬೇಕು. ತಿರುಗುತ್ತಿರುವ ಎಂಜಿನ್ನನ್ನೂ ನಿಂತಿರುವ ಚಕ್ರವನ್ನೂ ಒಮ್ಮೆಲೇ ಬೆಸೆದರೆ ಎಂಜಿನ್ನು ನಿಂತುಹೋಗುತ್ತದೆ, ಇಲ್ಲವೆ ಕಾರು ಕುಪ್ಪಳಿಸುತ್ತದೆ. ಈ ಎರಡರ ನಡುವೆ ಸ್ವಲ್ಪ ಹೊತ್ತು ಜಾರುತ್ತ ಜಾರುತ್ತ ಕೂಡಿಸುವ ಸಾಧನವೇ ಕ್ಲಚ್ಚು.

ಇಂದಿನ ಸಾಮಾನ್ಯ ಕಾರಿನಲ್ಲಿ ಎಂಜಿನ್ನಿನ ಫ್ಲೈವೀಲಿಗೂ ಪ್ರೆಷರ್ ಪ್ಲೇಟಿಗೂ ನಡುವೆ ಲೈನಿಂಗ್ ಹಚ್ಚಿದ ಒಂದು ಕ್ಲಚ್ ಪ್ಲೇಟು ಇರುತ್ತದೆ. ಬಲವಾದ ಸ್ಪ್ರಿಂಗು ಇವುಗಳನ್ನು ಒತ್ತಿ ಹಿಡಿದಿರುತ್ತದೆ. ಪೆಡಲನ್ನು ತುಳಿದಾಗ ರಿಲೀಸ್ ಬೇರಿಂಗು ಮುಂದೆ ಸರಿದು ಆ ಸ್ಪ್ರಿಂಗಿನ ಹಿಡಿತವನ್ನು ಬಿಡಿಸುತ್ತದೆ. ಅಂದರೆ, ಚಾಲಕನ ಕಾಲು ಕೂಡಿಸುವ ಕೆಲಸ ಮಾಡುವುದಿಲ್ಲ. ಬಿಡಿಸುವ ಕೆಲಸ ಮಾಡುತ್ತದೆ. ಕೂಡಿಸುವುದು ಸ್ಪ್ರಿಂಗಿನ ಕೆಲಸ. ಕಾಲು ಅದಕ್ಕೆ ಎಷ್ಟೆಷ್ಟು ಅವಕಾಶ ಕೊಡಬೇಕೆಂಬುದನ್ನು ನಿರ್ಧರಿಸುತ್ತದೆ. ನಮ್ಮ ಚಾಲಕರು 'ಅರ್ಧ ಕ್ಲಚ್ಚು' ಎಂದು ಹೇಳುವುದು ಈ ನಡುವಣ ಸ್ಥಿತಿಯನ್ನೇ.

ಪೆಡಲಿನ ಸ್ಪರ್ಶವೆಂಬುದರಲ್ಲಿ ಮೂರು ಅಂಶಗಳಿವೆ. ಮೊದಲನೆಯದು ಭಾರ. ಎರಡನೆಯದು ಹಿಡಿಯುವ ಸ್ಥಾನ, ಎಂದರೆ ಪೆಡಲಿನ ಹಾದಿಯಲ್ಲಿ ಪ್ಲೇಟು ಹಿಡಿಯಲಾರಂಭಿಸುವ ಬಿಂದು. ಮೂರನೆಯದು ವಾರ್ತೆ: ಒಳಗೆ ಏನಾಗುತ್ತಿದೆ ಎಂಬುದನ್ನು ಪೆಡಲು ಪಾದಕ್ಕೆ ತಿಳಿಸುವ ಬಗೆ. ಬಾವಿಯಲ್ಲಿ ಕೊಡವು ನೀರಿಗೆ ಮುಟ್ಟಿತೆಂಬುದನ್ನು ಕಣ್ಣಿಗಿಂತ ಮೊದಲು ಹಗ್ಗ ಹಿಡಿದ ಕೈ ಅರಿಯುತ್ತದೆ. ಆದರೆ ರಾಟೆ ತುಕ್ಕು ಹಿಡಿದಿದ್ದರೆ ಕೈಗೆ ತಿಳಿಯುವುದು ರಾಟೆಯ ತುಕ್ಕು ಮಾತ್ರ. ಕೊಡದ ಸುದ್ದಿ ಮೇಲಕ್ಕೆ ಬರುವುದಿಲ್ಲ. ಕ್ಲಚ್ಚಿನ ವಿಷಯವೂ ಹೀಗೆಯೇ.

೩. ಆರಂಭದ ದಶಕಗಳು

೧೮೮೬ರಲ್ಲಿ ಕಾರ್ಲ್ ಬೆಂಜ್ ಪೇಟೆಂಟು ಪಡೆದ ಮೂರು ಚಕ್ರದ ವಾಹನದಲ್ಲಿ ಕ್ಲಚ್ಚಿನ ಪೆಡಲೇ ಇರಲಿಲ್ಲ. ಅಲ್ಲಿ ಕೈಸನ್ನೆಯೊಂದರಿಂದ ಬೆಲ್ಟನ್ನು ಸಡಿಲ ರಾಟೆಯಿಂದ ಚಾಲಕ ರಾಟೆಯ ಮೇಲಕ್ಕೆ ಸರಿಸುತ್ತಿದ್ದರು. ೧೮೯೧ರ ಸುಮಾರಿಗೆ ಫ್ರಾನ್ಸಿನ ಪನಾರ್ ಮತ್ತು ಲೆವಾಸೋರ್ ಸಂಸ್ಥೆಯು ಮುಂದೆ ಎಂಜಿನ್ನು, ಅದರ ಹಿಂದೆ ಕ್ಲಚ್ಚು, ಅದರ ಹಿಂದೆ ಗೇರುಗಳು, ಕೊನೆಗೆ ಹಿಂಚಕ್ರಗಳು ಎಂಬ ವಿನ್ಯಾಸವನ್ನು ಬಳಕೆಗೆ ತಂದಿತು. ಅನಂತರ ಬಹುಕಾಲ ಕಾರುಗಳು ಈ ಕ್ರಮವನ್ನೇ ಅನುಸರಿಸಿದವು.

ಆ ಕಾಲದ ಕ್ಲಚ್ಚು ಬಹುಮಟ್ಟಿಗೆ ಶಂಕುವಿನಾಕಾರದ್ದು. ಫ್ಲೈವೀಲಿನಲ್ಲಿ ಕೊರೆದ ಕುಳಿಯೊಳಕ್ಕೆ ಚರ್ಮ ಹೊದಿಸಿದ ಶಂಕುವೊಂದು ಬೆಣೆಯಂತೆ ಕೂಡುತ್ತಿತ್ತು. ಚರ್ಮವು ಒಣಗಿದರೆ ಕ್ಲಚ್ಚು ಥಟ್ಟನೆ ಕಚ್ಚುತ್ತಿತ್ತು. ಎಣ್ಣೆ ಹೆಚ್ಚಾದರೆ ಜಾರುತ್ತಿತ್ತು. ಒಣಗಿದ ಚರ್ಮಕ್ಕೆ ಹರಳೆಣ್ಣೆ ಸವರುವುದು, ಜಾರುವ ಚರ್ಮಕ್ಕೆ ನಮ್ಮಲ್ಲಿ ಮುಲ್ತಾನಿ ಮಿಟ್ಟಿ ಎಂದು ಪರಿಚಿತವಾದ ಜಾತಿಯ ಜೇಡಿಮಣ್ಣನ್ನು ಉದುರಿಸುವುದು ಅಂದಿನ ಚಾಲಕರ ಉಪಾಯಗಳು. ಪೆಡಲಿನ ಸ್ಪರ್ಶವನ್ನು ಸುಧಾರಿಸುವ ಮೊತ್ತಮೊದಲ ಪ್ರಯತ್ನಗಳು ಇವೇ ಎಂದರೆ ತಪ್ಪಾಗಲಾರದು.

ಈ ತೊಡಕನ್ನು ಕಳೆಯಲು ಎರಡು ಬದಲಾವಣೆಗಳು ನೆರವಾದವು. ಒಂದು, ಲೈನಿಂಗಿನ ವಸ್ತು. ಇಂಗ್ಲೆಂಡಿನ ಡರ್ಬಿಶೈರಿನಲ್ಲಿ ಹರ್ಬರ್ಟ್ ಫ್ರೂಡ್ ಎಂಬಾತನು ೧೮೯೭ರಲ್ಲಿ ಗಾಡಿಗಳ ಬ್ರೇಕಿಗೆ ಹೊಸ ಘರ್ಷಣ ವಸ್ತುವನ್ನು ತಯಾರಿಸಲಾರಂಭಿಸಿದನು. ಫೆರೋಡೋ ಎಂಬ ಹೆಸರು ಅವನದೇ ಹೆಸರಿನ ಅಕ್ಷರಗಳಿಂದಾದುದು. ಮುಂದೆ ಇಂಥ ಲೈನಿಂಗುಗಳಲ್ಲಿ ಕಲ್ನಾರಿನ ಬಳಕೆ ವ್ಯಾಪಕವಾಯಿತು. ಎರಡು, ಆಕಾರ. ಶಂಕುವಿನ ಬದಲು ಚಪ್ಪಟೆಯಾದ ಒಣ ಪ್ಲೇಟು ಕ್ರಮೇಣ ರೂಢಿಗೆ ಬಂದಿತು. ಕಲ್ನಾರಿನ ಲೈನಿಂಗು ಬಿಸಿಯನ್ನು ಸಹಿಸಿ, ಮೃದುವಾಗಿ, ಹದವಾಗಿ ಹಿಡಿಯುತ್ತಿತ್ತು.

ಆದರೆ ಈ ಹದಕ್ಕೆ ತೆತ್ತ ಬೆಲೆಯನ್ನು ಚರಿತ್ರಕಾರನು ಮರೆಯುವಂತಿಲ್ಲ. ಕ್ಲಚ್ಚಿನ ಕವಚದೊಳಗಿನ ದೂಳನ್ನು ಗಾಳಿಯಿಂದ ಊದಿ ತೆಗೆಯುತ್ತಿದ್ದ ಮೆಕ್ಯಾನಿಕ್ಕುಗಳು ಕಲ್ನಾರಿನ ಎಳೆಗಳನ್ನು ಉಸಿರಿನೊಡನೆ ಸೇವಿಸಿದರು. ಅದು ಶ್ವಾಸಕೋಶದ ಮಾರಕ ರೋಗಗಳಿಗೆ ಕಾರಣವೆಂಬುದು ಸ್ಥಿರಪಟ್ಟಮೇಲೆ ಐರೋಪ್ಯ ಒಕ್ಕೂಟದಲ್ಲಿ ೨೦೦೫ರಿಂದ ಅದರ ಬಳಕೆಯು ನಿಷಿದ್ಧವಾಯಿತು. ಒಬ್ಬನ ಪಾದಕ್ಕೆ ದೊರೆತ ಸುಖವು ಇನ್ನೊಬ್ಬನ ಎದೆಗೆ ಹೊರೆಯಾದ ಈ ಪ್ರಸಂಗವು ಯಾಂತ್ರಿಕ ಪ್ರಗತಿಯ ಲೆಕ್ಕವನ್ನು ಎರಡೂ ಕಡೆಯಿಂದ ಬರೆಯಬೇಕೆಂಬುದಕ್ಕೆ ನಿದರ್ಶನ. ಹಳೆಯ ಕಾರಿನ ಕ್ಲಚ್ಚನ್ನು ಬಿಚ್ಚುವವರು ಇಂದಿಗೂ ಆ ದೂಳನ್ನು ಊದದೆ, ಒದ್ದೆಬಟ್ಟೆಯಿಂದ ಒರಸಿ ತೆಗೆಯುವುದೇ ಉಚಿತ.

ಪೆಡಲಿನ ಶ್ರಮವು ಅದರ ಭಾರವನ್ನು ಮಾತ್ರವಲ್ಲದೆ, ಎಷ್ಟು ಸಲ ತುಳಿಯಬೇಕೆಂಬುದನ್ನೂ ಅವಲಂಬಿಸಿದೆ. ಹಳೆಯ ಗೇರುಪೆಟ್ಟಿಗೆಗಳಲ್ಲಿ ಹಲ್ಲುಗಳು ಕರಕರ ಎನ್ನದಂತೆ ಗೇರು ಬದಲಿಸಲು ಪ್ರತಿ ಬದಲಾವಣೆಗೂ ಕ್ಲಚ್ಚನ್ನು ಎರಡು ಸಲ ತುಳಿಯಬೇಕಾಗಿತ್ತು. ೧೯೨೮ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ ಬಂದ ಸಿಂಕ್ರೋಮೆಶ್ ವ್ಯವಸ್ಥೆಯು ಗೇರುಗಳ ವೇಗವನ್ನು ತಾನೇ ಸರಿಹೊಂದಿಸಿ, ಎರಡು ತುಳಿತಗಳನ್ನು ಒಂದಕ್ಕೆ ಇಳಿಸಿತು. ಇದಕ್ಕೆ ಮುನ್ನ, ೧೯೦೮ರಿಂದ ೧೯೨೭ರವರೆಗೆ ತಯಾರಾದ ಫೋರ್ಡ್ ಟಿ ಮಾದರಿಯಲ್ಲಿ ಎಡ ಪೆಡಲೇ ಗೇರಿನ ಕೆಲಸವನ್ನೂ ಮಾಡುತ್ತಿತ್ತು. ಪೂರ್ತಿ ತುಳಿದರೆ ಕೆಳಗಿನ ಗೇರು, ಬಿಟ್ಟರೆ ಮೇಲಿನ ಗೇರು. ಆದ್ದರಿಂದ ಉದ್ದವಾದ ಏರಿನಲ್ಲಿ ಚಾಲಕನು ಏರು ಮುಗಿಯುವವರೆಗೂ ಪೆಡಲನ್ನು ಒತ್ತಿಯೇ ಇರಬೇಕಾಗುತ್ತಿತ್ತು.

ಇಲ್ಲಿ ಒಂದು ಸಾಮಾಜಿಕ ಸಂಗತಿಯೂ ಅಡಗಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ವಿದ್ಯುತ್ ಕಾರುಗಳ ಜಾಹೀರಾತುಗಳು ವಿಶೇಷವಾಗಿ ಮಹಿಳೆಯರನ್ನು ಉದ್ದೇಶಿಸಿದ್ದವು. ಪೆಟ್ರೋಲು ಕಾರಿನ ಹ್ಯಾಂಡಲು, ಗೇರು ಮುಂತಾದ ಗೋಜುಗಳು ಅವುಗಳಲ್ಲಿ ಇಲ್ಲವೆಂಬುದೇ ಅವುಗಳ ಹೆಗ್ಗಳಿಕೆ. ಯಂತ್ರದ ಕೊರತೆಯನ್ನು ಹೆಣ್ಣಿನ ಕೊರತೆಯೆಂದು ಎಣಿಸುವ ಪರಿಪಾಟವು ಹೀಗೆ ಬೆಳೆಯಿತು. ಆದರೆ ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಫಸ್ಟ್ ಏಡ್ ನರ್ಸಿಂಗ್ ಯೋಮನ್ರಿ ದಳದ ಮಹಿಳೆಯರು ಫ್ರಾನ್ಸಿನ ರಸ್ತೆಗಳಲ್ಲಿ ಗಾಯಾಳುಗಳ ವಾಹನಗಳನ್ನು ನಡೆಸಿ ಆ ಎಣಿಕೆಯು ನಿರಾಧಾರವೆಂದು ತೋರಿಸಿದರು. ಭಾರವಾದ ಪೆಡಲು ತಯಾರಕನ ತೀರ್ಮಾನವೇ ಹೊರತು ಪ್ರಕೃತಿಯ ನಿಯಮವಲ್ಲ.

೪. ಬಲ ಮತ್ತು ದೂರಗಳ ಲೆಕ್ಕ

ಪೆಡಲು ಭಾರವಾಗುವುದೇಕೆ ಎಂಬುದನ್ನು ಒಂದು ಸ್ಥೂಲವಾದ ಲೆಕ್ಕದಿಂದ ತಿಳಿಯಬಹುದು. ಎಂಜಿನ್ನಿನ ಗರಿಷ್ಠ ತಿರುಗುಬಲ ೧೦೦ ನ್ಯೂಟನ್-ಮೀಟರು, ಲೈನಿಂಗಿನ ಘರ್ಷಣ ಗುಣಾಂಕ ೦.೩, ಪ್ಲೇಟಿನ ಸರಾಸರಿ ತ್ರಿಜ್ಯ ೮ ಸೆಂಟಿಮೀಟರು ಎಂದು ಇಟ್ಟುಕೊಳ್ಳೋಣ. ಪ್ಲೇಟಿಗೆ ಎರಡು ಮುಖಗಳಿರುವುದರಿಂದ, ಅದು ಜಾರದಂತೆ ಹಿಡಿಯಲು ಸುಮಾರು ೨,೦೮೦ ನ್ಯೂಟನ್ ಬಲ ಬೇಕು. ಸುರಕ್ಷತೆಗಾಗಿ ಇದರ ಒಂದೂವರೆಯಷ್ಟನ್ನು ತೆಗೆದುಕೊಂಡರೆ ೩,೧೨೫ ನ್ಯೂಟನ್, ಎಂದರೆ ಸುಮಾರು ೩೧೮ ಕಿಲೋಗ್ರಾಂ ತೂಕಕ್ಕೆ ಸಮನಾದ ಬಲವಾಗುತ್ತದೆ. ಇದನ್ನು ಪಾದವೊಂದು ಬಿಡಿಸಬೇಕು.

ಇಲ್ಲಿ ಸನ್ನೆಗೋಲಿನ ತತ್ತ್ವವು ನೆರವಿಗೆ ಬರುತ್ತದೆ. ಸ್ಪ್ರಿಂಗಿನ ಬೆರಳುಗಳಲ್ಲಿ ೩ರಷ್ಟು, ರಿಲೀಸ್ ಫೋರ್ಕಿನಲ್ಲಿ ೨ರಷ್ಟು, ಪೆಡಲಿನಲ್ಲಿ ೬ರಷ್ಟು ಅನುಕೂಲ ದೊರೆತರೆ ಒಟ್ಟು ೩೬ರಷ್ಟಾಯಿತು. ೩೧೮ನ್ನು ೩೬ರಿಂದ ಭಾಗಿಸಿದರೆ ಪಾದಕ್ಕೆ ಬೀಳುವ ಭಾರ ೯ ಕಿಲೋಗ್ರಾಮಿಗಿಂತ ಸ್ವಲ್ಪ ಕಡಮೆ. ಆದರೆ ಬಲದಲ್ಲಿ ಗಳಿಸಿದ್ದನ್ನು ದೂರದಲ್ಲಿ ತೆರಲೇಬೇಕು. ಪ್ರೆಷರ್ ಪ್ಲೇಟು ೨ ಮಿಲಿಮೀಟರು ಸರಿಯಬೇಕಾದರೆ ಪೆಡಲು ೭೨ ಮಿಲಿಮೀಟರು ಇಳಿಯಬೇಕು. ಅನುಕೂಲವನ್ನು ಇನ್ನೂ ಹೆಚ್ಚಿಸಿದರೆ ಪೆಡಲು ಹಗುರವಾದೀತು, ಆದರೆ ಕಾರಿನ ನೆಲಕ್ಕೆ ತಾಗಿದರೂ ಕ್ಲಚ್ಚು ಪೂರ್ತಿ ಬಿಡದು.

ಈ ಲೆಕ್ಕದಲ್ಲಿ ನಾವು ಇನ್ನೂ ಸೇರಿಸದ ಒಂದು ಅಂಶವೇ ಅತ್ಯಂತ ಮುಖ್ಯವಾದದ್ದು: ಸಂಪರ್ಕದೊಳಗಿನ ಘರ್ಷಣೆ. ಕೇಬಲು ನೂರಕ್ಕೆ ೮೦ರಷ್ಟು ಬಲವನ್ನು ಮಾತ್ರ ದಾಟಿಸುವುದಾದರೆ ತುಳಿಯುವಾಗ ಪಾದಕ್ಕೆ ೧೧ ಕಿಲೋಗ್ರಾಂ ತಗಲುತ್ತದೆ. ಬಿಡುವಾಗ ಅದೇ ಘರ್ಷಣೆ ಸ್ಪ್ರಿಂಗಿಗೆ ಎದುರಾಗುವುದರಿಂದ ಪಾದಕ್ಕೆ ತಿಳಿಯುವುದು ೭ ಮಾತ್ರ. ಕೇಬಲು ತುಕ್ಕು ಹಿಡಿದು ಅರ್ಧದಷ್ಟನ್ನೇ ದಾಟಿಸಿದರೆ ತುಳಿಯುವಾಗ ಸುಮಾರು ೧೮, ಬಿಡುವಾಗ ಸುಮಾರು ೪. ಅಂದರೆ, ಕ್ಲಚ್ಚು ಅದೇ, ಸ್ಪ್ರಿಂಗು ಅದೇ. ಪೆಡಲು ಮಾತ್ರ ತುಳಿಯುವಾಗ ಹೆಚ್ಚು ಭಾರವಾಯಿತು, ಬಿಡುವಾಗ ಮೂಕವಾಯಿತು. ಕಾರನ್ನು ನಯವಾಗಿ ಹೊರಡಿಸುವ ಕೌಶಲವೆಲ್ಲ ಬಿಡುವ ಗಳಿಗೆಯಲ್ಲಿಯೇ ಇರುವುದರಿಂದ ಈ ಎರಡನೆಯ ಕೇಡೇ ದೊಡ್ಡದು.

ಬೆಂಗಳೂರಿನಂತಹ ನಗರದ ದಟ್ಟಣೆಯಲ್ಲಿ ಟ್ಯಾಕ್ಸಿ ಚಾಲಕನೊಬ್ಬನು ದಿನಕ್ಕೆ ೫೦೦ ಸಲ ಕ್ಲಚ್ಚು ತುಳಿಯುತ್ತಾನೆಂದು ಊಹಿಸಿದರೆ, ೧೧ ಕಿಲೋಗ್ರಾಮಿನ ಪೆಡಲಿನಲ್ಲಿ ಅವನ ಎಡಗಾಲು ಒಟ್ಟು ೫,೫೦೦ ಕಿಲೋಗ್ರಾಮಿನಷ್ಟು ಒತ್ತುತ್ತದೆ. ೧೮ರ ಪೆಡಲಿನಲ್ಲಿ ೯,೦೦೦. ಮೊಣಕಾಲು ಸೊಂಟಗಳ ನೋವಿನಿಂದ ನರಳುವ ಚಾಲಕನಿಗೆ ಈ ವ್ಯತ್ಯಾಸವು ಕೇವಲ ಸುಖದ ಮಾತಲ್ಲ. ದುಡಿಮೆಯ ವರ್ಷಗಳ ಮಾತು.

೫. ಸ್ಪ್ರಿಂಗು ಮತ್ತು ಸಂಪರ್ಕ

ಹಿಂದಿನ ಕ್ಲಚ್ಚುಗಳಲ್ಲಿ ಸುರುಳಿ ಸ್ಪ್ರಿಂಗುಗಳನ್ನು ವರ್ತುಲವಾಗಿ ಜೋಡಿಸುತ್ತಿದ್ದರು. ಸುರುಳಿಯನ್ನು ಒತ್ತಿದಷ್ಟೂ ಅದು ಎದುರಿಸುತ್ತದೆ. ಆದ್ದರಿಂದ ಪೆಡಲು ತಳ ಮುಟ್ಟಿದಾಗಲೇ ಅತ್ಯಂತ ಭಾರ. ೧೯೩೦ರ ದಶಕದ ಕೊನೆಯ ವೇಳೆಗೆ ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯು ತನ್ನ ಕಾರುಗಳಲ್ಲಿ ಡಯಾಫ್ರಂ ಸ್ಪ್ರಿಂಗನ್ನು ಬಳಸತೊಡಗಿತು. ತಟ್ಟೆಯಂತೆ ಸ್ವಲ್ಪ ಉಬ್ಬಿದ, ಒಳ ಅಂಚಿನಲ್ಲಿ ಬೆರಳುಗಳಂತೆ ಸೀಳಿದ ಉಕ್ಕಿನ ಬಿಲ್ಲೆಯಿದು. ಇದರ ಎದುರುಬಲವು ಮೊದಲು ಏರಿ, ಅನಂತರ ಇಳಿಯುತ್ತದೆ. ಆದುದರಿಂದ ಪೆಡಲನ್ನು ಪೂರ್ತಿ ಒತ್ತಿ ಹಿಡಿದಿರುವುದು ಸುಲಭ. ಯೂರೋಪಿನಲ್ಲಿ ೧೯೬೦ರ ದಶಕದಿಂದ ಇದು ಹರಡಿತು. ಇಂದು ಕಾರುಗಳಲ್ಲಿ ಇದೇ ಸಾಮಾನ್ಯ.

ಪಾದದಿಂದ ಕ್ಲಚ್ಚಿಗೆ ಬಲವನ್ನು ಒಯ್ಯುವ ಮಾರ್ಗವೂ ಬದಲಾಯಿತು. ಮೊದಲು ಉಕ್ಕಿನ ಸರಳುಗಳಿದ್ದವು. ಎಂಜಿನ್ನನ್ನು ರಬ್ಬರಿನ ಆಧಾರಗಳ ಮೇಲೆ ಕೂರಿಸತೊಡಗಿದಮೇಲೆ ಅದರ ಓಲಾಟವು ಸರಳುಗಳ ಮೂಲಕ ಪೆಡಲಿಗೂ ಬಂದು, ಹೊರಡುವಾಗ ಕಾರು ನಡುಗುತ್ತಿತ್ತು. ಬಾಗುವ ಕೇಬಲು ಈ ತೊಂದರೆಯನ್ನು ತಗ್ಗಿಸಿತು. ಅರ್ನೆಸ್ಟ್ ಬೌಡನ್ ೧೮೯೬ರಲ್ಲಿ ಪೇಟೆಂಟು ಪಡೆದ, ನಮ್ಮ ಸೈಕಲ್ ಬ್ರೇಕುಗಳಲ್ಲಿ ಕಾಣುವ ತಂತಿಯ ತತ್ತ್ವವೇ ಇಲ್ಲಿಯೂ ಇರುವುದು. ೧೯೮೩ರ ಕೊನೆಯಲ್ಲಿ ಬಂದು ನಮ್ಮ ದೇಶದ ಮಧ್ಯಮವರ್ಗವನ್ನು ಕಾರಿನಲ್ಲಿ ಕೂರಿಸಿದ ಮಾರುತಿ ೮೦೦ರಲ್ಲಿ ಇದ್ದುದು ಈ ಕೇಬಲೇ. ಮೂರನೆಯ ಮಾರ್ಗ ದ್ರವದ್ದು. ಪೆಡಲು ಒಂದು ಸಿಲಿಂಡರಿನ ದ್ರವವನ್ನು ಒತ್ತಿದರೆ, ಕೊಳವೆಯ ಇನ್ನೊಂದು ತುದಿಯ ಸಿಲಿಂಡರು ಫೋರ್ಕನ್ನೋ ಬೇರಿಂಗನ್ನೋ ನೂಕುತ್ತದೆ. ಇದರಲ್ಲಿ ಘರ್ಷಣೆ ಕಡಮೆ. ಆದರೆ ದ್ರವದಲ್ಲಿ ಗಾಳಿ ಸೇರಿದರೆ ಪೆಡಲು ಒದ್ದೆ ಹತ್ತಿಯಂತೆ ಮೆತ್ತಗಾಗುತ್ತದೆ.

೬. ಸರಿಪಡಿಸುವ ಕ್ರಮ

ಮೇಲಣ ವಿವೇಚನೆಯಿಂದ ಒಂದು ಕ್ರಮವು ಸಹಜವಾಗಿ ಹೊರಡುತ್ತದೆ: ಪಾದದ ಕಡೆಯಿಂದ ಆರಂಭಿಸಿ ಕ್ಲಚ್ಚಿನ ಕಡೆಗೆ ಹೋಗಬೇಕು. ಬಹುಪಾಲು ದೋಷಗಳು ಮೊದಲ ಮೆಟ್ಟಿಲುಗಳಲ್ಲಿಯೇ ಸಿಕ್ಕುತ್ತವೆ. ಅವುಗಳಿಗೆ ವೆಚ್ಚವೂ ಅಲ್ಪ.

ಮೊದಲು ಆಸನ. ಪೆಡಲನ್ನು ತಳದವರೆಗೆ ತುಳಿದಾಗಲೂ ಮೊಣಕಾಲು ಸ್ವಲ್ಪ ಮಡಿಸಿರುವಂತೆ ಆಸನವನ್ನು ಸರಿಸಬೇಕು. ಪೆಡಲಿನ ಕೆಳಗೆ ಒಂದರ ಮೇಲೊಂದು ಚಾಪೆ ಹಾಸಿದ್ದರೆ ಅದರ ಹಾದಿ ಮೊಟಕಾಗಿ, ಕ್ಲಚ್ಚು ಪೂರ್ತಿ ಬಿಡದೆ ಗೇರು ಕರಕರ ಎನ್ನುತ್ತದೆ. ಅಪವಾದವು ಮಾತ್ರ ಕ್ಲಚ್ಚಿನ ಮೇಲೆ ಬೀಳುತ್ತದೆ. ಅನಂತರ ಪೆಡಲಿನ ಕೀಲು. ಅಲ್ಲಿಯ ಬುಷ್ಷು ಒಣಗಿದ್ದರೆ ಗ್ರೀಸು, ಸವೆದಿದ್ದರೆ ಹೊಸದು.

ಮೂರನೆಯದು ಸಂಪರ್ಕ. ಕೇಬಲಿನ ಎಳೆಗಳು ಹರಿದಿದ್ದರೆ, ಹೊರಕವಚ ಒಡೆದಿದ್ದರೆ, ಅಥವಾ ಅದು ಎಲ್ಲಿಯಾದರೂ ಚೂಪಾಗಿ ಬಾಗಿದ್ದರೆ ಹೊಸ ಕೇಬಲನ್ನು ತಯಾರಕನು ಗೊತ್ತುಮಾಡಿದ ದಾರಿಯಲ್ಲಿಯೇ ಹಾಕಬೇಕು. ಒಳಗೆ ಪ್ಲಾಸ್ಟಿಕ್ಕಿನ ಪದರವಿರುವ ಕೇಬಲಿಗೆ ಕೈಪಿಡಿಯು ಹೇಳದ ಹೊರತು ಎಣ್ಣೆ ಹಾಕಬಾರದು. ಎಣ್ಣೆಯು ದೂಳನ್ನು ಹಿಡಿದು ಕೇಡು ಹೆಚ್ಚಿಸುತ್ತದೆ. ಪೆಡಲಿನ ಆರಂಭದ ಸಡಿಲನ್ನು ಕೈಪಿಡಿಯ ಅಳತೆಗೆ ಹೊಂದಿಸಬೇಕು. ಸಡಿಲು ಇಲ್ಲದಿದ್ದರೆ ಕ್ಲಚ್ಚು ಸದಾ ಅರೆಬಿಟ್ಟಂತಿದ್ದು ಪ್ಲೇಟು ಸುಡುತ್ತದೆ. ಹೆಚ್ಚಾದರೆ ಪೂರ್ತಿ ಬಿಡುವುದಿಲ್ಲ. ದ್ರವದ ವ್ಯವಸ್ಥೆಯಾದರೆ ಹಳೆಯ ದ್ರವವನ್ನು ತೆಗೆದು, ಗಾಳಿಯನ್ನು ಹೊರಡಿಸಿ, ಸೋರುವ ರಬ್ಬರುಗಳನ್ನು ಬದಲಿಸಬೇಕು. ಈ ದ್ರವವು ಗಾಳಿಯ ತೇವವನ್ನು ಹೀರುವ ಸ್ವಭಾವದ್ದಾದುದರಿಂದ ಸಿಲಿಂಡರಿನೊಳಗೆ ತುಕ್ಕಿಗೂ ದಾರಿಯಾಗುತ್ತದೆ.

ಇಷ್ಟಾದರೂ ಗುಣ ಕಾಣದಿದ್ದರೆ ಮಾತ್ರ ಗೇರುಪೆಟ್ಟಿಗೆಯನ್ನು ಇಳಿಸಬೇಕು. ಅಲ್ಲಿ ರಿಲೀಸ್ ಬೇರಿಂಗು ಜಾರುವ ಕೊಳವೆ, ಫೋರ್ಕಿನ ಕೀಲು, ಪ್ಲೇಟು ಕೂತ ದಂಡದ ಗೀರುಗಳು ಇವುಗಳನ್ನು ಪರೀಕ್ಷಿಸಬೇಕು. ಗೀರುಗಳಿಗೆ ಗ್ರೀಸನ್ನು ತೆಳುವಾಗಿ ಮಾತ್ರ ಸವರಬೇಕು. ಹೆಚ್ಚಾದದ್ದು ಲೈನಿಂಗಿಗೆ ಸಿಡಿದರೆ ಕಾರು ಹೊರಡುವಾಗ ನಡುಗುತ್ತದೆ.

ಪ್ಲೇಟು ಸವೆದಂತೆ ಪೆಡಲು ಭಾರವಾಗುವುದೂ ಉಂಟು. ಲೈನಿಂಗು ತೆಳುವಾದಂತೆ ಡಯಾಫ್ರಂ ಸ್ಪ್ರಿಂಗು ತನ್ನ ಮೂಲಸ್ಥಾನದಿಂದ ಸರಿದು, ಅದನ್ನು ಬಿಡಿಸಲು ಹೆಚ್ಚು ಬಲ ಬೇಕಾಗುತ್ತದೆ. ಬದಲಾವಣೆ ನಿಧಾನವಾದುದರಿಂದ ಚಾಲಕನ ಕಾಲು ಅದಕ್ಕೆ ಒಗ್ಗಿಹೋಗುತ್ತದೆ. ಬೇರೊಬ್ಬರು ಕೂತು ನಡೆಸಿದಾಗಲೇ ಬೆಳಕಿಗೆ ಬರುತ್ತದೆ. ೧೯೬೫ರಲ್ಲಿ ಜರ್ಮನಿಯ ಬ್ಯೂಲ್ ಎಂಬಲ್ಲಿ ಸ್ಥಾಪಿತವಾದ ಲೂಕ್ ಸಂಸ್ಥೆಯು ೧೯೯೦ರ ದಶಕದಲ್ಲಿ ಸವೆತವನ್ನು ತಾನೇ ಸರಿದೂಗಿಸಿಕೊಳ್ಳುವ ಕ್ಲಚ್ಚನ್ನು ಹೊರತಂದುದು ಈ ದೋಷವನ್ನು ಕಳೆಯಲಿಕ್ಕಾಗಿಯೇ.

೭. ಹಗುರತನದ ಮಿತಿ

ಪೆಡಲನ್ನು ಹಗುರ ಮಾಡಲು ಅಡ್ಡದಾರಿಗಳೂ ಇವೆ. ಮೃದುವಾದ ಪ್ರೆಷರ್ ಪ್ಲೇಟನ್ನು ಹಾಕಿದರೆ ಭಾರ ಇಳಿಯುತ್ತದೆ. ಆದರೆ ಏರಿನಲ್ಲಿ ತುಂಬಿದ ಕಾರಿನ ಪ್ಲೇಟು ಜಾರಿ ಸುಡುತ್ತದೆ. ಪೆಡಲಿನ ಮಗ್ಗುಲಲ್ಲಿ ಸಹಾಯಕ ಸ್ಪ್ರಿಂಗೊಂದನ್ನು ಅಳವಡಿಸುವುದು ತಯಾರಕರಲ್ಲಿಯೂ ರೂಢಿಯಲ್ಲಿದೆ. ಅಳತೆ ಮೀರಿದರೆ ಅದು ಹಿಡಿಯುವ ಸ್ಥಾನದ ಸೂಚನೆಯನ್ನೇ ಅಳಿಸಿಬಿಡುತ್ತದೆ. ಕೆಲವು ಕಾರುಗಳಲ್ಲಿ ದ್ರವದ ಹಾದಿಯನ್ನು ಕಿರಿದುಗೊಳಿಸಿ, ಚಾಲಕನು ಪೆಡಲನ್ನು ಥಟ್ಟನೆ ಬಿಟ್ಟರೂ ಕ್ಲಚ್ಚು ನಿಧಾನವಾಗಿ ಹಿಡಿಯುವಂತೆ ಮಾಡಿರುತ್ತಾರೆ. ಅನನುಭವಿಗೆ ಇದು ರಕ್ಷೆ. ನುರಿತವನಿಗೆ ತನ್ನ ಕಾಲಿಗೂ ಕಾರಿಗೂ ನಡುವೆ ಮೂರನೆಯವನೊಬ್ಬನು ನಿಂತಂತೆ.

ಪೆಡಲನ್ನೇ ತೆಗೆದುಹಾಕುವುದು ಈ ದಾರಿಯ ಕೊನೆ. ೧೯೩೯ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೀಲ್ ಕಾರುಗಳಿಗೆ ಬಂದ ಹೈಡ್ರಾ-ಮ್ಯಾಟಿಕ್ ಗೇರುಪೆಟ್ಟಿಗೆ, ೧೯೫೫ರ ಸಿಟ್ರೊಯೆನ್ ಡಿ.ಎಸ್. ಕಾರಿನ ದ್ರವಚಾಲಿತ ಕ್ಲಚ್ಚು, ನಮ್ಮಲ್ಲಿ ೨೦೧೪ರ ಮಾರುತಿ ಸೆಲೆರಿಯೋ ಕಾರಿನ ಸ್ವಯಂಚಾಲಿತ ಗೇರು ಇವು ಒಂದೊಂದು ಮೈಲಿಗಲ್ಲು. ವಿದ್ಯುತ್ ಮೋಟಾರಿಗೆ ನಿಂತಲ್ಲಿಂದಲೇ ಎಳೆಯುವ ಶಕ್ತಿಯಿರುವುದರಿಂದ ವಿದ್ಯುತ್ ಕಾರಿಗೆ ಕ್ಲಚ್ಚಿನ ಅಗತ್ಯವೇ ಇಲ್ಲ. ದಿನವಿಡೀ ನಗರದಲ್ಲಿ ದುಡಿಯುವ ಚಾಲಕನಿಗೆ, ಎಡಗಾಲಿನಲ್ಲಿ ಬಲವಿಲ್ಲದವರಿಗೆ, ಇದು ನಿಜವಾದ ಬಿಡುಗಡೆ. ಇದನ್ನು ಹಳೆಯದರ ಮೇಲಿನ ವ್ಯಾಮೋಹದಿಂದ ಹಳಿಯುವುದು ಸಲ್ಲದು.

೮. ಉಪಸಂಹಾರ

ಈ ವಿವೇಚನೆಯಿಂದ ತಿಳಿದುಬರುವುದಿಷ್ಟು. ಭಾರವಾದ ಪೆಡಲು ಬಹುಮಟ್ಟಿಗೆ ವಿಧಿಯಲ್ಲ, ರೋಗಲಕ್ಷಣ. ಸ್ಪ್ರಿಂಗಿನ ಬಲವನ್ನು ಕುಗ್ಗಿಸುವುದು ಅದಕ್ಕೆ ಮದ್ದಲ್ಲ. ನಡುವಣ ವ್ಯರ್ಥ ಘರ್ಷಣೆಯನ್ನು ತೆಗೆಯುವುದೇ ಮದ್ದು. ಹಾಗೆ ಮಾಡಿದಾಗ ಪೆಡಲು ಹಗುರವೂ ಆಗುತ್ತದೆ, ಮಾತನ್ನೂ ಆಡುತ್ತದೆ.

ಚರಿತ್ರೆಯ ವಿದ್ಯಾರ್ಥಿಗಳಿಗೆ ಇಲ್ಲಿ ಒಂದು ಕೆಲಸವೂ ಕಾದಿದೆ. ಸಂಸ್ಥೆಗಳ ವರದಿಗಳು ಭಂಡಾರಗಳಲ್ಲಿ ಉಳಿಯುತ್ತವೆ. ಆದರೆ ಹರಿದುಹೋಗುತ್ತಿರುವ ಗ್ಯಾರೇಜಿನ ಕೈಪಿಡಿಗಳು, ಬಿಡಿಭಾಗಗಳ ಪಟ್ಟಿಗಳು, ಆ ಪೆಡಲುಗಳನ್ನು ತುಳಿದ ಬಸ್ಸು, ಲಾರಿ, ಟ್ಯಾಕ್ಸಿ ಚಾಲಕರ ಮಾತುಗಳು ಉಳಿಯುವ ಭರವಸೆಯಿಲ್ಲ. ಅರ್ಧ ಕ್ಲಚ್ಚಿನಲ್ಲಿ ಘಟ್ಟದ ಏರಿನ ಮೇಲೆ ವಾಹನವನ್ನು ಹಿಂದೆ ಸರಿಯಗೊಡದೆ ಹೊರಡಿಸುವ ವಿದ್ಯೆಯು ಪುಸ್ತಕದಲ್ಲಿ ಬರೆದುದಲ್ಲ. ಪಾದದಿಂದ ಪಾದಕ್ಕೆ ಬಂದುದು. ಕ್ಲಚ್ಚಿಲ್ಲದ ವಾಹನಗಳು ಹೆಚ್ಚಿದಂತೆ ಅದನ್ನು ಬಲ್ಲವರು ವಿರಳರಾಗುತ್ತಾರೆ. ಅವರನ್ನು ಕಂಡು, ಕೇಳಿ, ಬರೆದಿಡುವುದು ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಿಗೆ ಸಾಧ್ಯವಾದ, ವಿಳಂಬಕ್ಕೆ ಎಡೆಯಿಲ್ಲದ ಸಂಶೋಧನೆ.